ಕಬ್ಬಿಣದ ಗ್ರೈಂಡರ್ ಮರದ ಬಟ್ಟಲಿಗೆ ಬಂದ ಕಥೆ

ವೆಲ್ಡಿಂಗ್ ಶಾಪಿನಲ್ಲಿ ಕಿಡಿ ಹಾರಿಸುವ ಸಣ್ಣ ಮಷಿನ್ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ‘ಆ್ಯಂಗಲ್ ಗ್ರೈಂಡರ್’ ಅನ್ನುತ್ತಾರೆ. ಕೆಲಸಗಾರರ ಬಾಯಲ್ಲಿ ಅದು ‘ಎಜಿ ಫೋರ್’, ಅಂದರೆ ನಾಲ್ಕು ಇಂಚಿನ ಮಷಿನ್. ಗ್ರಿಲ್, ಗ್ರಾನೈಟ್, ಟೈಲ್ಸ್ ಎಲ್ಲಕ್ಕೂ ಅದೇ. ಈಗ ಮೊಬೈಲ್ ತೆರೆದರೆ ಅದೇ ಮಷಿನ್‌ನಿಂದ ಮರದ ದಿಮ್ಮಿ ತೋಡಿ ಬಟ್ಟಲು ಮಾಡುವ ವಿಡಿಯೊಗಳು ಸಾಲುಸಾಲಾಗಿ ಬರುತ್ತವೆ. ಅರ್ಧ ನಿಮಿಷದಲ್ಲಿ ದಿಮ್ಮಿ ಹೋಗಿ ಬಟ್ಟಲು. ಅದನ್ನು ನೋಡಿ ನಮ್ಮ ಹುಡುಗರೂ ಕೈ ಹಾಕುತ್ತಿದ್ದಾರೆ.

ಕಬ್ಬಿಣ ಉಜ್ಜಲು ಹುಟ್ಟಿದ ಮಷಿನ್ ಮರಕ್ಕೆ ಹೇಗೆ ಬಂತು? ಈ ಕಥೆ ಗೊತ್ತಿದ್ದರೆ ಕೈಬೆರಳು ಉಳಿಸಿಕೊಳ್ಳುವುದೂ ಸುಲಭ. ಅದಕ್ಕೇ ಬರೆಯುತ್ತಿದ್ದೇವೆ.

ಬಾಚಿ, ಉಳಿ ಮತ್ತು ಲೇತ್

ಮಲೆನಾಡು, ಕರಾವಳಿಯ ಹಳೇ ಮನೆಗಳ ಅಟ್ಟ ಹುಡುಕಿದರೆ ಇವತ್ತಿಗೂ ಒಂದು ಮರಿಗೆ ಸಿಗಬಹುದು. ಅನ್ನ ಬಸಿಯಲು, ದನಕ್ಕೆ ಅಕ್ಕಚ್ಚು ಇಡಲು ಒಂದೇ ಮರದ ತುಂಡನ್ನು ತೋಡಿ ಮಾಡಿದ ಪಾತ್ರೆ ಅದು. ಕೊಡಲಿಯಿಂದ ಆಕಾರ, ಬಾಚಿಯಿಂದ ಹೊಟ್ಟೆ, ಉಳಿಯಿಂದ ನಯ. ಮರದ ನಾರು ಯಾವ ಕಡೆ ಓಡುತ್ತಿದೆ ಎಂದು ನೋಡಿಕೊಂಡೇ ಪ್ರತಿ ಏಟು ಹಾಕಬೇಕು. ನಾರಿಗೆ ಎದುರು ಹೊಡೆದರೆ ಸಿಬಿರು ಎದ್ದು ತಳವೇ ಕಿತ್ತು ಬರುತ್ತದೆ.

ದುಂಡನೆಯ ಬಟ್ಟಲಿಗೆ ಬೇರೆ ದಾರಿ ಇತ್ತು, ಅದು ಲೇತ್. ಇಂಗ್ಲೆಂಡಿನ ಯುದ್ಧನೌಕೆ ‘ಮೇರಿ ರೋಸ್’ 1545ರಲ್ಲಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಆ ಹಡಗಿನಲ್ಲಿ ನಾವಿಕರು ಉಣ್ಣುತ್ತಿದ್ದ ಮರದ ಬಟ್ಟಲು, ತಟ್ಟೆಗಳು ಸಿಕ್ಕವು. ಅವು ಲೇತ್ ಮೇಲೆ ತಿರುಗಿಸಿ ಮಾಡಿದ್ದವು. ಕರೆಂಟ್ ಇಲ್ಲದ ಕಾಲದ ಲೇತ್ ಅದು. ಕಾಲಿನಿಂದ ತುಳಿದರೆ ಮರ ಒಂದು ಕಡೆ ತಿರುಗುತ್ತದೆ, ಮೇಲೆ ಕಟ್ಟಿದ ಬಾಗುಗೋಲು ಅದನ್ನು ವಾಪಸ್ ಎಳೆಯುತ್ತದೆ. ನಮ್ಮ ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆ ಮಾಡುವವರೂ ಮೊದಲು ಕೈಲೇತ್ ಮೇಲೇ ಕೆಲಸ ಮಾಡುತ್ತಿದ್ದರು, ಆಮೇಲೆ ಕರೆಂಟಿನ ಲೇತ್ ಬಂತು.

ಲೇತ್‌ಗೆ ಒಂದು ಮಿತಿ ಇದೆ. ಮರ ತಿರುಗುವುದರಿಂದ ದುಂಡಗಿನದು ಮಾತ್ರ ಸಲೀಸು. ಮರಿಗೆಯಂತೆ ಉದ್ದನೆಯದು, ಎಲೆಯಾಕಾರದ್ದು, ಬೇರಿನ ಗಂಟಿನಂತೆ ಸೊಟ್ಟಗಿರುವುದು ಬೇಕೆಂದರೆ ಮತ್ತೆ ಬಾಚಿಯೇ ಗತಿ.

ಮೂರು ದಾರಿಗಳು ಸೇರಿದ್ದು

ಗ್ರೈಂಡರ್ ಒಬ್ಬನ ತಲೆಯಲ್ಲಿ ಒಂದೇ ದಿನ ಹುಟ್ಟಿದ್ದಲ್ಲ. ಅದಕ್ಕೆ ಮೂರು ವಸ್ತು ಬೇಕಿದ್ದವು.

ಮೊದಲನೆಯದು ಉಜ್ಜುವ ಪುಡಿ. ಹಿಂದೆ ಸಾಣೆಕಲ್ಲು ಪ್ರಕೃತಿ ಕೊಟ್ಟ ಕಲ್ಲೇ ಆಗಿತ್ತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣು ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ತಿನಿಂದ ವಿಪರೀತ ಕಾಯಿಸಿದರು. ಹೊಳೆಯುವ ಗಟ್ಟಿ ಹರಳು ಸಿಕ್ಕವು. ಅದೇ ಸಿಲಿಕಾನ್ ಕಾರ್ಬೈಡ್. ಅಚೆಸನ್ ಅದಕ್ಕೆ ಇಟ್ಟ ಹೆಸರು ಕಾರ್ಬೊರಂಡಮ್. ಈ ಪುಡಿಗೆ ಅಂಟು ಸೇರಿಸಿ ಚಕ್ರ ಮಾಡಿದರೆ ಉಕ್ಕು, ಕಲ್ಲು ಎರಡೂ ಸವೆಯುತ್ತವೆ.

ಎರಡನೆಯದು ಕೈಯಲ್ಲಿ ಹಿಡಿಯುವ ಮೋಟರ್. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಫೈನ್ ಕಂಪನಿ ಕರೆಂಟಿನ ಕೈಡ್ರಿಲ್ ಮಾಡಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಪಿಸ್ತೂಲಿನಂತೆ ಹಿಡಿ, ಟ್ರಿಗರ್ ಇರುವ ಡ್ರಿಲ್‌ಗೆ ಪೇಟೆಂಟ್ ಪಡೆಯಿತು.

ಮೂರನೆಯದು ಮೂಲೆ ತಿರುಗಿಸುವ ಗೇರ್. ಅದೇ ಸ್ಟುಟ್‌ಗಾರ್ಟ್ ಸೀಮೆಯಲ್ಲಿ 1922ರಲ್ಲಿ ಆಕರ್ಮನ್ ಮತ್ತು ಶ್ಮಿಟ್ ಎಂಬಿಬ್ಬರು ಕಂಪನಿ ತೆರೆದರು. ಅವರ ಮೊದಲ ಮಷಿನ್‌ನಲ್ಲಿ ಮೋಟರ್ ಒಂದು ಕಡೆ, ಉಜ್ಜುವ ಚಕ್ರ ಇನ್ನೊಂದು ಕಡೆ, ನಡುವೆ ಬಳುಕುವ ಕೇಬಲ್. ಮನೆಗೆ ಮೋಲ್ಡ್ ಹಾಕುವಾಗ ಕಾಂಕ್ರೀಟಿಗೆ ಇಳಿಸುವ ವೈಬ್ರೇಟರ್ ನೋಡಿದ್ದೀರಲ್ಲ, ಅದೇ ರೀತಿ. ಬಳುಕುವ ಶಾಫ್ಟ್‌ನಿಂದಲೇ ‘ಫ್ಲೆಕ್ಸ್’ ಎಂಬ ಹೆಸರು ಬಂತು.

ಕೇಬಲ್ ಎಳೆದುಕೊಂಡು ತಿರುಗುವುದು ಕಷ್ಟ. ಆದ್ದರಿಂದ ಮೋಟರನ್ನು ಹಿಡಿಯೊಳಗೇ ಇಟ್ಟು, ಮೂತಿಯಲ್ಲಿ ಎರಡು ಬೆವೆಲ್ ಗೇರ್ ಹಾಕಿ ತಿರುಗುವ ದಿಕ್ಕನ್ನು 90 ಡಿಗ್ರಿ ತಿರುಗಿಸಿದರು. ಟ್ರ್ಯಾಕ್ಟರಿನ ಕ್ರೌನ್ ಪಿನಿಯನ್ ಮಾಡುವ ಕೆಲಸವೇ ಇದು, ಗಾತ್ರ ಮಾತ್ರ ಅಂಗೈಯಷ್ಟು. ನಿಧಾನ ತಿರುಗುವ ಮಾದರಿ 1935ರಲ್ಲಿ ಬಂತು. ಜೋರು ತಿರುಗುವ ‘ಡಿಎಲ್ 9’ ಬಂದದ್ದು 1954ರಲ್ಲಿ. ಈಗಿನ ಎಲ್ಲ ಎಜಿ ಫೋರ್‌ಗಳಿಗೆ ಮುತ್ತಜ್ಜ ಅದೇ. ಜರ್ಮನಿಯಲ್ಲಿ ಯಾವ ಕಂಪನಿಯ ಗ್ರೈಂಡರ್ ಆದರೂ ಜನ ‘ಫ್ಲೆಕ್ಸ್’ ಎಂದೇ ಕರೆಯುತ್ತಾರೆ.

ಅದೇ 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಶುರುವಾಯಿತು. ಉಜ್ಜುವ ಚಕ್ರ ನಮ್ಮ ದೇಶದಲ್ಲೇ ತಯಾರಾಗುವ ದಾರಿ ಹಾಗೆ ತೆರೆಯಿತು.

ಒಬ್ಬ ಮುದುಕ, ಒಂದು ಕಾಲ

ಆ ಹೊತ್ತಿಗೆ ಇಂಗ್ಲೆಂಡಿನ ಬಕಲ್‌ಬರಿ ಎಂಬ ಹಳ್ಳಿಯಲ್ಲಿ ಜಾರ್ಜ್ ಲೇಲಿ ಎಂಬ ಮುದುಕ ಕಾಲು ತುಳಿಯುವ ಲೇತ್ ಮೇಲೆ ಬಟ್ಟಲು ಮಾಡುತ್ತಿದ್ದರು. ಎಲ್ಮ್ ಮರದ ಒಂದೇ ತುಂಡಿನಿಂದ ಒಂದರೊಳಗೊಂದು ಕೂರುವ ಹಲವು ಬಟ್ಟಲು ಬಿಡಿಸುವುದು ಅವರ ಕೈಚಳಕ. 1958ರಲ್ಲಿ ಲೇಲಿ ತೀರಿಕೊಂಡರು. ಅವರ ಹಿಂದೆ ಆ ಕಸುಬು ಹಿಡಿದವರಿರಲಿಲ್ಲ. ಲೇತ್ ರೆಡಿಂಗ್ ಊರಿನ ಗ್ರಾಮೀಣ ಬದುಕಿನ ಮ್ಯೂಸಿಯಂ ಸೇರಿತು. ಎಷ್ಟೋ ವರ್ಷ ಕಳೆದ ಮೇಲೆ ರಾಬಿನ್ ವುಡ್ ಎಂಬ ಕುಶಲಕರ್ಮಿ ಲೇಲಿಯ ಕೆಲಸವನ್ನು ನೋಡಿ, ತಾನೇ ಕಲಿತು ಆ ಬಗೆಯ ಲೇತನ್ನು ಮತ್ತೆ ತಿರುಗಿಸಿದರು.

ಲೇಲಿಯ ಕಸುಬನ್ನು ಗ್ರೈಂಡರ್ ಕೊಲ್ಲಲಿಲ್ಲ. ಪಿಂಗಾಣಿ, ಅಲ್ಯೂಮಿನಿಯಂ, ಸ್ಟೀಲ್ ಪಾತ್ರೆಗಳು ಅಡುಗೆಮನೆಗೆ ಬಂದದ್ದೇ ಮರದ ಬಟ್ಟಲನ್ನು ಹೊರಗೆ ಹಾಕಿದವು. ನಮ್ಮ ಮರಿಗೆ ಅಟ್ಟ ಸೇರಿದ್ದೂ ಇದೇ ಕಾರಣಕ್ಕೆ.

ಮರಕ್ಕೆ ಹಲ್ಲು ಬೇಕು

ಕಬ್ಬಿಣ ಉಜ್ಜುವ ಚಕ್ರವನ್ನು ಮರಕ್ಕೆ ಒತ್ತಿದರೆ ಏನಾಗುತ್ತದೆ? ಮರ ಕಡಿಯುವುದಕ್ಕಿಂತ ಸುಡುತ್ತದೆ. ಹೊಗೆ, ಕರಿ ಗೆರೆ. ಮರಕ್ಕೆ ಹಲ್ಲು ಬೇಕು.

1980ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೆವಿನ್ ಇಂಕ್‌ಸ್ಟರ್ ಗ್ರೈಂಡರ್‌ಗೆ ಹಾಕುವ, ಅಂಚಿನಲ್ಲಿ ಹಲ್ಲಿರುವ ಉಕ್ಕಿನ ತಟ್ಟೆ ಮಾಡಿದರು. ಅದರಿಂದ ಬೆಳೆದ ಕಂಪನಿಯೇ ಆರ್ಬರ್‌ಟೆಕ್. ಅಮೆರಿಕದಲ್ಲಿ ‘ಲ್ಯಾನ್ಸ್‌ಲಾಟ್’ ಎಂಬ ತಟ್ಟೆ ಬಂತು. ಮರ ಕೊಯ್ಯುವ ಚೈನ್‌ಸಾದ ಚೈನನ್ನೇ ಎರಡು ತಟ್ಟೆಗಳ ನಡುವೆ ಕೂರಿಸಿದ್ದು ಅದು.

ಇನ್ನೊಂದು ಬಗೆ ಕಾರ್ಬೈಡ್ ಮುಳ್ಳಿನ ತಟ್ಟೆ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯಿಂದ ಟೂಲಿಗೆ ಬೇಕಾದ ಗಟ್ಟಿಲೋಹ ಮಾಡುವುದನ್ನು 1920ರ ದಶಕದಲ್ಲಿ ಜರ್ಮನರು ಕಂಡುಹಿಡಿದರು. ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಹೆಸರಿನಲ್ಲಿ ಮಾರಿತು. ಜರ್ಮನ್ ಭಾಷೆಯಲ್ಲಿ ‘ವಜ್ರದಂತೆ’ ಎನ್ನುವ ಮಾತಿನ ಚುಟುಕು ರೂಪ ಅದು. 1960ರ ದಶಕದಲ್ಲಿ ಬೆಂಗಳೂರಿನ ತುಮಕೂರು ರಸ್ತೆಗೆ ವಿಡಿಯಾ ಕಾರ್ಖಾನೆ ಬಂತು. ಲೇತ್ ಶಾಪುಗಳಲ್ಲಿ ಕಾರ್ಬೈಡ್ ತುದಿಯ ಟೂಲಿಗೆ ‘ವಿಡಿಯಾ’ ಎನ್ನುವುದು ಇದರಿಂದಲೇ. ಈ ಲೋಹದ ಸಣ್ಣ ಮುಳ್ಳುಗಳನ್ನು ಅಂಟಿಸಿದ ತಟ್ಟೆ ತುರಿಮಣೆಯಂತೆ ಮರವನ್ನು ಕೆರೆಯುತ್ತದೆ. ಒಂದೇ ಸಲ ದೊಡ್ಡ ತುಂಡು ಕಚ್ಚುವುದಿಲ್ಲ.

ಹೀಗೆ ಲೇತ್ ಮಾಡಲಾಗದ್ದನ್ನು ಗ್ರೈಂಡರ್ ಮಾಡತೊಡಗಿತು. ಉದ್ದದ್ದು, ಸೊಟ್ಟದ್ದು, ದೋಣಿಯಾಕಾರದ್ದು ಎಲ್ಲ ಸಾಧ್ಯವಾಯಿತು. ಮನೆಯ ಸಿಂಗಲ್ ಫೇಸ್ ಕರೆಂಟ್ ಸಾಕು. ಹಾಗೆ ನೋಡಿದರೆ ಗ್ರೈಂಡರ್ ಲೇತ್‌ನ ವಂಶಕ್ಕಿಂತ ಬಾಚಿಯ ವಂಶಕ್ಕೇ ಹತ್ತಿರ.

ಆದರೆ ಬಾಚಿಗೆ ಈ ವೇಗ ಇರಲಿಲ್ಲ

ಒಂದು ಲೆಕ್ಕ ನೋಡಿ. ನಾಲ್ಕಿಂಚು ಅಂದರೆ 100 ಮಿ.ಮೀ. ತಟ್ಟೆಯ ಸುತ್ತಳತೆ ಸುಮಾರು 31 ಸೆಂ.ಮೀ. ಮಷಿನ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ತಟ್ಟೆಯ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ಗಂಟೆಗೆ 200 ಕಿ.ಮೀ. ಮೇಲೆ. ನಮ್ಮ ವಂದೇ ಭಾರತ್ ರೈಲಿಗಿಂತ ಜೋರು.

ಉಜ್ಜುವ ಚಕ್ರದ ಕಾಳು ಕೂದಲೆಳೆಯಷ್ಟು ಕೆರೆಯುತ್ತದೆ, ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಗರಗಸದ ಹಲ್ಲು ಹಾಗಲ್ಲ. ಗಂಟು ಸಿಕ್ಕರೆ, ನಾರು ಮುಚ್ಚಿಕೊಂಡರೆ ಹಲ್ಲು ಅಲ್ಲೇ ಕಚ್ಚಿ ನಿಲ್ಲುತ್ತದೆ. ತಟ್ಟೆ ನಿಂತರೂ ಮೋಟರಿನ ಶಕ್ತಿ ನಿಲ್ಲುವುದಿಲ್ಲ, ಅದು ಮಷಿನನ್ನೇ ಎತ್ತಿ ಹಿಂದಕ್ಕೆ ಎಸೆಯುತ್ತದೆ. ಕೈ, ತೊಡೆ, ಕುತ್ತಿಗೆ ಎಲ್ಲಿ ಬಿದ್ದರೂ ಆಯಿತು.

ಗ್ರೈಂಡರ್ ಡಬ್ಬಿಯಲ್ಲಿ ಬರುವ ಸಣ್ಣಕ್ಷರದ ಪುಸ್ತಕವನ್ನು ಬಿಚ್ಚಿ ಓದಿದವರು ಕಡಿಮೆ. ಚೈನ್‌ಸಾ ತಟ್ಟೆ, ಗರಗಸದ ಹಲ್ಲಿನ ಬ್ಲೇಡ್ ಹಾಕಬೇಡಿ, ಮಷಿನ್ ಹಿಂದಕ್ಕೆ ಎಗರುತ್ತದೆ ಎಂದು ಕಂಪನಿಗಳೇ ಅದರಲ್ಲಿ ಬರೆದಿರುತ್ತವೆ. ಚೈನ್ ತಟ್ಟೆಗಳ ಬಗ್ಗೆ ಬ್ರಿಟನ್ ಸರ್ಕಾರದ ಉತ್ಪನ್ನ ಸುರಕ್ಷತಾ ಕಚೇರಿಯೂ ಈಚೆಗೆ ಎಚ್ಚರಿಕೆ ಕೊಟ್ಟಿದೆ. ಆದರೆ ನಮ್ಮಲ್ಲಿ ನಡೆಯುವುದೇನು? ಮರ ಕೊಯ್ಯುವ ಬ್ಲೇಡ್ ಹಾಕುತ್ತಾರೆ, ಆಳಕ್ಕೆ ಇಳಿಯಲಿ ಎಂದು ಗಾರ್ಡ್ ಬಿಚ್ಚುತ್ತಾರೆ, ಪಕ್ಕದ ಹಿಡಿ ಡಬ್ಬಿಯಲ್ಲೇ ಉಳಿದಿರುತ್ತದೆ. ಒಂದು ಕೈಯಲ್ಲಿ ಮಷಿನ್, ಇನ್ನೊಂದು ಕೈಯಲ್ಲಿ ಮರ.

ಇನ್ನೊಂದು ಅಭ್ಯಾಸ, ಏಳಿಂಚಿನ ಚಕ್ರವನ್ನು ನಾಲ್ಕಿಂಚಿನ ಮಷಿನ್‌ಗೆ ಹಾಕುವುದು. ಅಂಟಿನ ಚಕ್ರ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಅಂಚಿನ ವೇಗಕ್ಕೆ ಮಾಡಿದ್ದು. ಏಳಿಂಚಿನದು 11,000 ಸುತ್ತಿನಲ್ಲಿ 100 ಮೀಟರ್ ದಾಟುತ್ತದೆ. ಚಕ್ರ ಸಿಡಿದು ಚೂರಾಗಲು ಅಷ್ಟು ಸಾಕು.

ದೂಳಿನ ಮಾತೂ ಇದೆ. ಬಾಚಿಯಿಂದ ಚಕ್ಕೆ ಬೀಳುತ್ತಿತ್ತು, ಗ್ರೈಂಡರ್‌ನಿಂದ ಹಿಟ್ಟಿನಂತೆ ದೂಳು ಏಳುತ್ತದೆ. ಮರದ ದೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಟವಲ್ ಕಟ್ಟಿಕೊಂಡರೆ ಸಾಲದು, ದೂಳು ತಡೆಯುವ ಮಾಸ್ಕ್ ಬೇಕು.

ಹಾಗಾದರೆ ಬಿಡಬೇಕೆ?

ಬೇಡ. ಗಾಳಿಗೆ ಬಿದ್ದ ಹಲಸು, ಸೌದೆಗೆ ಹೋಗುವ ಬುಡದ ತುಂಡು, ಬೇರಿನ ಗಂಟು ಒಲೆಗೆ ಹೋಗುವ ಬದಲು ಬಟ್ಟಲಾದರೆ ನಾಲ್ಕು ಕಾಸು ಸಿಗುತ್ತದೆ. ಮಾಡುವುದಿದ್ದರೆ ಕೆರೆಯುವ ಕಾರ್ಬೈಡ್ ತಟ್ಟೆ ಹಾಕಿ. ತಟ್ಟೆಯ ಮೇಲೆ ಬರೆದ ಸುತ್ತಿನ ಸಂಖ್ಯೆ ಮಷಿನ್‌ನ ಸಂಖ್ಯೆಗಿಂತ ಹೆಚ್ಚಿರಲಿ. ಗಾರ್ಡ್ ಇರಲಿ, ಪಕ್ಕದ ಹಿಡಿ ಇರಲಿ, ಎರಡೂ ಕೈ ಮಷಿನ್ ಮೇಲಿರಲಿ. ಮರವನ್ನು ಬೆಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಕಾಲಲ್ಲಿ ಮೆಟ್ಟಬೇಡಿ. ಕನ್ನಡಕ, ಮಾಸ್ಕ್ ಹಾಕಿ. ಟವಲ್, ಲುಂಗಿ, ಸಡಿಲ ತೋಳು ಬೇಡ. ತಟ್ಟೆ ಬದಲಿಸುವ ಮುಂಚೆ ಪ್ಲಗ್ ಕಿತ್ತಿಡಿ.

ಇನ್ನೊಂದು ಕೆಲಸವೂ ಇದೆ. ನಿಮ್ಮೂರಿನಲ್ಲಿ ಬಾಚಿ ಹಿಡಿದು ಮರಿಗೆ ತೋಡಿದ ಹಿರಿಯ ಆಚಾರ್ರು ಇದ್ದರೆ ಒಮ್ಮೆ ಹೋಗಿ ಕೂತು ಮಾತಾಡಿಸಿ. ಯಾವ ಮರ ಬಿರಿಯುತ್ತದೆ, ಎಷ್ಟು ದಿನ ನೆರಳಲ್ಲಿ ಒಣಗಿಸಬೇಕು, ನಾರು ಎಲ್ಲಿ ತಿರುಗುತ್ತದೆ ಎನ್ನುವುದೆಲ್ಲ ಅವರಿಗೆ ಗೊತ್ತು. ಮಷಿನ್ ಕೊಂಡರೂ ಆ ತಿಳಿವಳಿಕೆ ಬೇಕೇ ಬೇಕು, ಅದು ಅರ್ಧ ನಿಮಿಷದ ವಿಡಿಯೊದಲ್ಲಿ ಸಿಗುವುದಿಲ್ಲ. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.