ಮಾಡವೀದಿಯ ಮಜ್ಜಿಗೆ

ಪಂಗುನಿ ಉತ್ಸವದ ಎಂಟನೆಯ ದಿನ ಮೈಲಾಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಯಾರೂ ಮಲಗುತ್ತಿರಲಿಲ್ಲ. ಹಿಂದಿನ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರಾಗಿರುತ್ತಿತ್ತು. ಅಪ್ಪ ಹೋಟೆಲಿನ ಬೆಳಗಿನ ಪಾಳಿ ಮುಗಿಸಿ ಬಂದವರೇ ಪಂಚೆ ಎತ್ತಿಕಟ್ಟಿ ಕಡೆಗೋಲು ಹಿಡಿಯುತ್ತಿದ್ದರು. ಅಮ್ಮ ಹಸಿಮೆಣಸು, ಶುಂಠಿ, ಕರಿಬೇವು, ಉಪ್ಪನ್ನು ಕಲ್ಲಿನಲ್ಲಿ ಜಜ್ಜುತ್ತಿದ್ದಳು. ನೀರಿನಲ್ಲಿ ಕದಡಿದ ಇಂಗು ಕೊನೆಗೆ ಬೀಳುತ್ತಿತ್ತು. ಎರಡು ಬಾನಿ ನೀರುಮಜ್ಜಿಗೆ, ಒಂದು ಹಿತ್ತಾಳೆ ಕೊಳಗ ಬೆಲ್ಲದ ಪಾನಕ. ವಠಾರದ ಬಾಗಿಲಿಗೆ ಬೆಂಚು ಎಳೆದು, ಮೇಲೊಂದು ಹಳೇ ಸೀರೆ ನೆರಳಿಗೆ ಕಟ್ಟಿದರೆ ನಮ್ಮ ಅರವಟಿಗೆ ಸಿದ್ಧ. ಲೋಟ ತೊಳೆಯುವ ಕೆಲಸ ನನ್ನದು. ಆಗ ನನಗೆ ಎಂಟೋ ಒಂಬತ್ತೋ ವರ್ಷ.

ಬೀದಿಯವರು ಅದನ್ನು ತಣ್ಣೀರ್ ಪಂದಲ್ ಎನ್ನುತ್ತಿದ್ದರು. ಅಪ್ಪನ ಬಾಯಲ್ಲಿ ಮಾತ್ರ ಅದು ಕಡೆಯವರೆಗೂ ಅರವಟಿಗೆಯೇ. ಈ ಮಾತು ಹಳೆಯದು. ದಾರಿಹೋಕರಿಗೆ ನೀರು ಕೊಡುವ ಅರವಟಿಗೆಗೆಂದು ಭೂಮಿ ಬಿಟ್ಟುಕೊಟ್ಟ ದತ್ತಿಗಳು ನಮ್ಮ ಕನ್ನಡ ಶಾಸನಗಳಲ್ಲಿವೆ. ಉಡುಪಿಯ ಕಡೆಯಿಂದ ಅಡುಗೆ ಕೆಲಸಕ್ಕೆ ಮದರಾಸಿಗೆ ಬಂದ ನೂರಾರು ಹುಡುಗರಲ್ಲಿ ಅಪ್ಪ ಒಬ್ಬರು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದ ಮೇಲೆ ಆ ದಾರಿ ಇನ್ನೂ ಅಗಲವಾಯಿತು. ಬರುವಾಗ ಈ ಹುಡುಗರು ತಮ್ಮ ದೋಸೆ, ಸಾಂಬಾರಿನ ಜೊತೆ ರಾಮನವಮಿಯ ಪಾನಕ, ಕೋಸಂಬರಿಯನ್ನೂ ತಂದರು. ಇಲ್ಲಿ ಪಂಗುನಿಯ ಬಿಸಿಲಿನಲ್ಲಿ ಅದಕ್ಕೊಂದು ಬೀದಿ ಸಿಕ್ಕಿತು.

ಪಂಗುನಿ ಎಂದರೆ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗಿನ ತಿಂಗಳು. ಚೆನ್ನೈಯಲ್ಲಿ ಅದು ಬೇಸಿಗೆಯ ಬಾಗಿಲು. ಮೈಲಾಪುರದ ಕಪಾಲೀಶ್ವರನ ಗುಡಿಯ ಈ ಹಬ್ಬ ಎಷ್ಟು ಹಳೆಯದು ಎನ್ನುವುದಕ್ಕೆ 7ನೇ ಶತಮಾನದ ಶಿವಭಕ್ತ ಕವಿ ಸಂಬಂಧರ್ ಸಾಕ್ಷಿ. ಮೈಲಾಪುರದ ವರ್ತಕ ಶಿವನೇಶರ ಮಗಳು ಪೂಂಪಾವೈ ಹಾವು ಕಚ್ಚಿ ಸತ್ತಳು. ತಂದೆ ಅವಳ ಅಸ್ಥಿಯನ್ನು ಕುಂಭದಲ್ಲಿ ಇಟ್ಟುಕೊಂಡು ಕಾದಿದ್ದ. ಸಂಬಂಧರ್ ಬಂದು ಹಾಡಿ ಅವಳನ್ನು ಎಬ್ಬಿಸಿದರು ಎಂಬುದು ಕಥೆ. ಆ ಹಾಡಿನಲ್ಲಿ ಅವರು ಹುಡುಗಿಗೆ ಸ್ವರ್ಗದ ಆಸೆ ತೋರಿಸುವುದಿಲ್ಲ. ಊರಿನ ಹಬ್ಬಗಳನ್ನು ಒಂದೊಂದಾಗಿ ಹೆಸರಿಸಿ, ಇದನ್ನು ನೋಡದೆ ಹೋಗುತ್ತೀಯಾ ಎಂದು ಕೇಳುತ್ತಾರೆ. ಆ ಪಟ್ಟಿಯಲ್ಲಿ ಪಂಗುನಿ ಉತ್ತಿರವೂ ಇದೆ. ಸತ್ತವರನ್ನು ಕರೆತರಲು ಊರಹಬ್ಬ ಸಾಕು ಎಂದು ನಂಬಿದ ಆ ಕವಿಯ ಮೇಲೆ ನನಗೆ ತುಂಬ ಪ್ರೀತಿ.

ಸಂಬಂಧರ್ ಹಾಡಿದ ದೇವಾಲಯ ಕಡಲ ದಂಡೆಯಲ್ಲಿತ್ತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಸಾಂತೋಮಿನಲ್ಲಿ ನೆಲೆಯೂರಿದ ಕಾಲಕ್ಕೆ ಅದು ಅಳಿಯಿತು ಎನ್ನುತ್ತಾರೆ. ಈಗಿನ ಗುಡಿ ಆಮೇಲಿನದು, ಕಡಲಿನಿಂದ ಒಳಗೆ ಸರಿದು ಕಟ್ಟಿದ್ದು. ಕಟ್ಟಡ ಜಾಗ ಬದಲಿಸಿದರೂ ಹಬ್ಬ ಉಳಿಯಿತು. ಏಳನೆಯ ದಿನ ತೇರು. ಎಂಟನೆಯ ದಿನ ಬೆಳಿಗ್ಗೆ ಪೂಂಪಾವೈಯ ಪ್ರಸಂಗ, ಮಧ್ಯಾಹ್ನ ಅರವತ್ತುಮೂವರ ಮೆರವಣಿಗೆ. ಅರವತ್ತುಮೂರು ಶಿವಭಕ್ತ ನಾಯನ್ಮಾರರ ಪಂಚಲೋಹದ ಮೂರ್ತಿಗಳು ಚಿಕ್ಕ ಚಿಕ್ಕ ಪಲ್ಲಕ್ಕಿಗಳಲ್ಲಿ ಗುಡಿಯ ಸುತ್ತಲಿನ ಮಾಡವೀದಿಗಳನ್ನು ಸುತ್ತುತ್ತವೆ.

ಕನ್ನಡಿಗರಿಗೆ ಇವರು ಅಪರಿಚಿತರಲ್ಲ. ನಾವು ಪುರಾತನರು ಎನ್ನುವುದು ಇವರನ್ನೇ. ಹರಿಹರ ಇವರಲ್ಲಿ ಹಲವರ ಮೇಲೆ ರಗಳೆ ಬರೆದ. ನಂಜನಗೂಡಿನ ಗುಡಿಯಲ್ಲೂ ಇವರ ವಿಗ್ರಹಗಳ ಸಾಲಿದೆ. ಅಪ್ಪ ಮಜ್ಜಿಗೆಯ ಸೌಟು ಕೆಳಗಿಟ್ಟು ಕೈಮುಗಿಯುತ್ತಿದ್ದುದು ಒಬ್ಬರ ಪಲ್ಲಕ್ಕಿ ಹತ್ತಿರ ಬಂದಾಗ. "ಅಗೋ, ನಮ್ಮ ಕಸುಬಿನವರು" ಎನ್ನುತ್ತಿದ್ದರು. ಅವರು ಅಪ್ಪೂದಿ ಅಡಿಗಳು.

ಕುಂದ್ರತ್ತೂರಿನ ಸೇಕ್ಕಿಳಾರ್ 12ನೇ ಶತಮಾನದಲ್ಲಿ ಬರೆದ ಪೆರಿಯಪುರಾಣದಲ್ಲಿ ಅವರ ಕಥೆ ಬರುತ್ತದೆ. ತಿಂಗಳೂರಿನ ಬ್ರಾಹ್ಮಣ ಅಪ್ಪೂದಿ, ತಾನು ಎಂದೂ ನೋಡದ ಭಕ್ತಕವಿ ತಿರುನಾವುಕ್ಕರಸರ ಮೇಲಿನ ಭಕ್ತಿಯಿಂದ ತನ್ನ ಮಕ್ಕಳಿಗೂ ಕೆರೆಬಾವಿಗಳಿಗೂ ಅವರದೇ ಹೆಸರಿಟ್ಟ. ದಾರಿಯಲ್ಲಿ ಕಟ್ಟಿಸಿದ ಅರವಟಿಗೆಗೂ ಅದೇ ಹೆಸರು. ಒಂದು ದಿನ ನಾವುಕ್ಕರಸರೇ ಬಂದು, ನಿನ್ನ ಅರವಟಿಗೆಗೆ ನಿನ್ನ ಹೆಸರು ಬಿಟ್ಟು ಬೇರೆಯವರ ಹೆಸರೇಕೆ ಎಂದು ಕೇಳಿದರು. ಕೇಳಿದವರು ಯಾರೆಂದು ತಿಳಿಯದೆ ಅಪ್ಪೂದಿ ಸಿಟ್ಟಾದ. ಆಮೇಲೆ ಗುರುತು ಹತ್ತಿತು. ಊಟಕ್ಕೆ ಬಾಳೆಲೆ ಕೊಯ್ಯಲು ಹೋದ ಹಿರಿಮಗ ಹಾವು ಕಚ್ಚಿ ಸತ್ತ. ನಾವುಕ್ಕರಸರು ಹಾಡಿ ಬದುಕಿಸಿದರು. ಬೆಳಿಗ್ಗೆ ಹಾವು ಕಚ್ಚಿದ ಪೂಂಪಾವೈ, ಮಧ್ಯಾಹ್ನ ಹಾವು ಕಚ್ಚಿದ ಮಗನ ತಂದೆ: ಒಂದೇ ದಿನ ಒಂದೇ ಬೀದಿಯಲ್ಲಿ ಎರಡು ಕಥೆಗಳೂ ಹಾದುಹೋಗುತ್ತವೆ. ನೀರು ಕೊಟ್ಟವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಜನ ಅವನ ಮುಂದೆಯೇ ಮಜ್ಜಿಗೆ ಹಂಚುತ್ತಾರೆ.

ನನ್ನ ಅಕ್ಕನ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಅಲ್ಲಿಯೂ ಮಾರ್ಚಿನಲ್ಲಿ ಕುಡಿಯುವ ಹಬ್ಬವೊಂದು ಬರುತ್ತದೆ, ಗಟ್ಟಿ ಬಿಯರಿನದು. ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ಹೊಟ್ಟೆಗೆ ಆಧಾರವಾಗಲೆಂದು 17ನೇ ಶತಮಾನದ ಪೌಲಾನರ್ ಸನ್ಯಾಸಿಗಳು ಅದನ್ನು ಮಾಡುತ್ತಿದ್ದರು. ಋತು ತಿರುಗುವಾಗ ಊರೆಲ್ಲ ಸೇರಿ ಕುಡಿಯುವ ಆಸೆ ಚಳಿಯ ಊರಿಗೂ ಉಂಟು, ಸೆಕೆಯ ಊರಿಗೂ ಉಂಟು. ಅಲ್ಲಿ ಅದನ್ನು ಕಾಸು ಕೊಟ್ಟು ಕುಡಿಯಬೇಕು. ಮಾಡವೀದಿಯ ಮಜ್ಜಿಗೆಗೆ ಬೆಲೆಯೇ ಇಲ್ಲ.

ನೀರಿಗೆ ಇಷ್ಟು ಬೆಲೆ ಬಂದಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿ, ನಾವು ಕೊಡ ಹಿಡಿದು ಲಾರಿಗೆ ಕಾದೆವು. ಅದೇ ವರ್ಷದ ಜನವರಿ 1ರಿಂದ ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾಯಿತು. ನಾನು ಅಟ್ಟದಿಂದ ಅಪ್ಪನ ಸ್ಟೀಲ್ ಲೋಟಗಳನ್ನು ಇಳಿಸಿದೆ. ಈಗ ಲೋಟ ತೊಳೆಯುವುದು ಮೊಮ್ಮಗಳ ಕೆಲಸ.

ಒಂದು ಬದಲಾವಣೆ ಮಾತ್ರ ನನ್ನನ್ನು ನೋಯಿಸುತ್ತದೆ. ಇಂದಿನ ಪಂದಲುಗಳಲ್ಲಿ ಬಾನಿಗಿಂತ ಬ್ಯಾನರ್ ದೊಡ್ಡದು. ಕೊಟ್ಟವರ ಹೆಸರು, ಅವರ ನಗುಮುಖ, ಅವರ ಮುಖಂಡರ ನಗುಮುಖ. ಎಷ್ಟೋ ಕಡೆ ಹಬ್ಬ ಮುಗಿದು ಬಿಸಿಲು ಏರಿದ ಮೇಲೆ ಬ್ಯಾನರ್ ಉಳಿದು ಬಾನಿ ಖಾಲಿಯಾಗಿರುತ್ತದೆ. ನಾವುಕ್ಕರಸರು ಅಪ್ಪೂದಿಗೆ ಕೇಳಿದ ಪ್ರಶ್ನೆಯನ್ನು ಇಂದು ತಿರುಗಿಸಿ ಕೇಳಬೇಕು: ನಿನ್ನದೇ ಹೆಸರೇಕೆ?

ಅಪ್ಪನ ಅರವಟಿಗೆಗೆ ಬೋರ್ಡು ಇರಲಿಲ್ಲ. ಯಾರದಪ್ಪಾ ಇದು ಎಂದು ಕೇಳಿದವರಿಗೆ "ಕುಡೀರಿ ಸಾಮಿ" ಎಂದಷ್ಟೇ ಹೇಳಿ ಇನ್ನೊಂದು ಸೌಟು ಬಗ್ಗಿಸುತ್ತಿದ್ದರು. ಈ ಯುಗಾದಿ ಕಳೆದು ಬಿಸಿಲು ಬಲಿಯುವ ಮೊದಲು ನಿಮ್ಮ ಬಾಗಿಲಿಗೂ ಒಂದು ಮಡಕೆ ನೀರು ಇಡಿ, ಪಕ್ಕದಲ್ಲಿ ಒಂದು ಲೋಟ ಇಡಿ. ಹೆಸರು ಬರೆಯಬೇಡಿ.