ಕೈತಪ್ಪಿದ ಓಟಕ್ಕೆ ಮರಳಿದ ಡಿಲ್ಲರ್ಡ್

110 ಮೀಟರ್ ಹರ್ಡಲ್ಸ್ ಓಟದಲ್ಲಿ ಹತ್ತು ತಡೆಗಳು. ಪ್ರತಿಯೊಂದರ ಎತ್ತರ 106.7 ಸೆಂಟಿಮೀಟರ್. ಎರಡು ತಡೆಗಳ ನಡುವೆ ಮೂರೇ ಹೆಜ್ಜೆ. ಒಂದಕ್ಕೆ ಕಾಲು ತಗುಲಿದರೂ ಲಯ ಕೆಡುತ್ತದೆ. ಅದರ ಕಹಿಯನ್ನು ಹ್ಯಾರಿಸನ್ ಡಿಲ್ಲರ್ಡ್ ಅವರಂತೆ ಉಂಡವರು ವಿರಳ.

1923ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನಿಸಿದ ಇವರು, ಜೆಸ್ಸಿ ಓವೆನ್ಸ್ ಓದಿದ ಪ್ರೌಢಶಾಲೆಯಲ್ಲಿಯೇ ಓದಿದವರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಇಟಲಿಯಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ಮೇಲೆ, 1947-48ರಲ್ಲಿ ಸತತವಾಗಿ 82 ಸ್ಪರ್ಧೆಗಳನ್ನು ಗೆದ್ದರು. ಲಂಡನ್ ಒಲಿಂಪಿಕ್ಸ್‌ನ ಹರ್ಡಲ್ಸ್ ಚಿನ್ನ ಇವರದೇ ಎಂಬ ನಿರೀಕ್ಷೆಯಿತ್ತು. ಆದರೆ 1948ರ ಆಯ್ಕೆ ಸ್ಪರ್ಧೆಯಲ್ಲಿ ಒಂದಾದ ಮೇಲೊಂದು ತಡೆಗೆ ತಗುಲಿ, ಓಟವನ್ನು ಪೂರೈಸಲಾಗದೆ ನಿಂತರು. ತಾವು ಪ್ರವೀಣರಾಗಿದ್ದ ಸ್ಪರ್ಧೆಗೇ ಬಾಗಿಲು ಮುಚ್ಚಿತು!

ಹಿಂದಿನ ದಿನ 100 ಮೀಟರ್ ಓಟದಲ್ಲಿ ಮೂರನೆಯವರಾಗಿ ಬಂದು ತಂಡದಲ್ಲಿ ಸ್ಥಾನ ಪಡೆದಿದ್ದುದೇ ಆಸರೆಯಾಯಿತು. ಲಂಡನ್ನಿನಲ್ಲಿ ಸಹ ಓಟಗಾರ ಬಾರ್ನಿ ಯೂವೆಲ್ ತಾವೇ ಗೆದ್ದೆವೆಂದು ಸಂಭ್ರಮಿಸಿದರು. ಗುರಿಗೆರೆಯ ಛಾಯಾಚಿತ್ರ ಡಿಲ್ಲರ್ಡ್ ಗೆದ್ದರೆಂದು ಸಾರಿತು. ಕಾಲ 10.3 ಸೆಕೆಂಡು. ರಿಲೇ ಓಟದಲ್ಲಿಯೂ ಚಿನ್ನ ದೊರೆಯಿತು.

ಜಗತ್ತಿನ ಅತಿ ವೇಗದ ಓಟಗಾರನೆಂಬ ಕೀರ್ತಿ ಬಂದ ಮೇಲೆ ಮತ್ತೇನು ಬೇಕು? ಡಿಲ್ಲರ್ಡ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ನಾಲ್ಕು ವರ್ಷ ಕಾದು, 1952ರಲ್ಲಿ, 29ನೆಯ ವಯಸ್ಸಿನಲ್ಲಿ, ಹೆಲ್ಸಿಂಕಿಯಲ್ಲಿ 13.7 ಸೆಕೆಂಡುಗಳಲ್ಲಿ ಹರ್ಡಲ್ಸ್ ಚಿನ್ನವನ್ನು ಗೆದ್ದರು, ರಿಲೇಯಲ್ಲಿ ಮತ್ತೊಂದು. ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಮತ್ತು 110 ಮೀಟರ್ ಹರ್ಡಲ್ಸ್ ಎರಡನ್ನೂ ಗೆದ್ದ ಪುರುಷ ಇವರೊಬ್ಬರೇ. 2019ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಿಯ ವಿದ್ಯಾರ್ಥಿಗಳೇ, ಒಂದು ಬಾಗಿಲು ಮುಚ್ಚಿದಾಗ ಇನ್ನೊಂದರಲ್ಲಿ ನುಗ್ಗುವುದು ಜಾಣತನ. ಮುಚ್ಚಿದ ಬಾಗಿಲಿಗೇ ಮರಳಿ ಬಂದು ಅದನ್ನು ತೆರೆಸುವುದು ಛಲ. ಡಿಲ್ಲರ್ಡ್ ಅವರಲ್ಲಿ ಇವೆರಡೂ ಇದ್ದವು.