ಕೆಮ್ಮಿನ ಮೂಲ ಹುಡುಕಿದ ನೂರು ವರ್ಷ

ಭೂಪಟದಲ್ಲಿ ಚಿಕ್ಕಬಳ್ಳಾಪುರದ ಮೇಲೆ ಬೆರಳಿಟ್ಟು ಸುತ್ತ ನೋಡಿ. ಚಿಂತಾಮಣಿಯಿಂದ ಪೂರ್ವಕ್ಕೆ ಗಡಿ ದಾಟಿದರೆ ಮದನಪಲ್ಲಿ, ಆಗ್ನೇಯಕ್ಕೆ ಕೆಜಿಎಫ್, ಗೌರಿಬಿದನೂರಿನಿಂದ ನೈಋತ್ಯಕ್ಕೆ ತುಮಕೂರು, ದಕ್ಷಿಣಕ್ಕೆ ಬೆಂಗಳೂರು. ದೇಶದ ಎದೆರೋಗ ಚಿಕಿತ್ಸೆಯ ಚರಿತ್ರೆ ಬರೆಯುವವರು ಈ ನಾಲ್ಕರಲ್ಲಿ ಒಂದನ್ನೂ ಬಿಡುವಂತಿಲ್ಲ. ಇವುಗಳ ನಡುವೆ ಕೂತ ನಮ್ಮ ತಾಲ್ಲೂಕುಗಳಿಗೆ ಕ್ಷಯದ ವಿದ್ಯೆ ಹಳ್ಳಿಯವರೆಗೂ ಬಂತು. ಉಬ್ಬಸದ ವಿದ್ಯೆ ಮಾತ್ರ ಇನ್ನೂ ಅರ್ಧ ದಾರಿಯಲ್ಲಿದೆ.

ಮದನಪಲ್ಲಿ ಬಳಿಯ ಆರೋಗ್ಯವರಂ ಸ್ಯಾನಿಟೋರಿಯಂ ಶುರುವಾದದ್ದು 1915ರಲ್ಲಿ. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್-ಮೋಲರ್ ಅದರ ಮುಖ್ಯಸ್ಥರಾಗಿದ್ದರು. ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲ. ಒಣಹವೆ, ವಿಶ್ರಾಂತಿ, ಹಾಲು-ಮೊಟ್ಟೆ; ಅಷ್ಟರಲ್ಲಿ ತಗ್ಗದಿದ್ದರೆ ಎದೆಗೂಡಿನೊಳಕ್ಕೆ ಗಾಳಿ ತುಂಬಿ, ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೂ ವಿಶ್ರಾಂತಿ ಕೊಡುವುದು. ತಿಂಗಳುಗಟ್ಟಲೆ ಮಲಗಿರಲು ಅನುಕೂಲ ಇದ್ದವರಿಗಷ್ಟೇ ಒದಗುವ ಚಿಕಿತ್ಸೆ ಅದು. ಭಾರತದಲ್ಲಿ ಬಿಸಿಜಿ ಲಸಿಕೆ ಶುರುವಾದದ್ದೂ ಮದನಪಲ್ಲಿಯಲ್ಲೇ, 1948ರಲ್ಲಿ. ಮಕ್ಕಳನ್ನು ಮಿದುಳಿನ ಕ್ಷಯದಿಂದ ಕಾಯುವ ಆ ಲಸಿಕೆ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲ ಎಂಬುದು ಮುಂದೆ ತಮಿಳುನಾಡಿನ ಚೆಂಗಲ್ಪಟ್ಟಿನ ದೊಡ್ಡ ಪ್ರಯೋಗದಲ್ಲಿ ಗೊತ್ತಾಯಿತು.

ರೋಗಿಯನ್ನು ಸ್ಯಾನಿಟೋರಿಯಂ ಹಾಸಿಗೆಯಿಂದ ಎಬ್ಬಿಸಿ ಮನೆಗೆ ಕಳಿಸಿದ್ದು ಮದ್ರಾಸು. ಮನೆಯಲ್ಲೇ ಔಷಧಿ ತೆಗೆದುಕೊಂಡವರೂ ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1956ರಲ್ಲಿ ಅಲ್ಲಿ ಆರಂಭವಾದ ಅಧ್ಯಯನ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿಂದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರ ವರದಿ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವೇ ಇರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆಯನ್ನು ಅದು ಬುಡಮೇಲು ಮಾಡಿತು. ಕಫದಲ್ಲಿ ಕ್ಷಯಾಣು ಇದ್ದವರಲ್ಲಿ ಅರ್ಧದಷ್ಟು ಮಂದಿ ಅಷ್ಟು ಹೊತ್ತಿಗಾಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು. ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಈ ನೂರು ವರ್ಷಗಳ ದೊಡ್ಡ ಶೋಧ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ: ರೋಗಿ ಬಂದಿದ್ದ, ಕೇಳುವವರು ಇರಲಿಲ್ಲ.

1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೆ ತಂದದ್ದರ ಹಿಂದೆ ಬೆಂಗಳೂರಿನ ಆ ಸಂಸ್ಥೆಯ ಕೆಲಸವಿದೆ. ಈಗ ಬೆಂಗಳೂರಿನ ಬಿಗ್‌ಟೆಕ್ ರೂಪಿಸಿದ, ಬ್ಯಾಟರಿಯಲ್ಲೂ ನಡೆಯುವ ಟ್ರೂನಾಟ್ ಯಂತ್ರ ಕ್ಷಯಾಣುವನ್ನೂ, ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಒಂದೆರಡು ಗಂಟೆಯಲ್ಲಿ ಹೇಳುತ್ತದೆ. ಆರು ತಿಂಗಳ ಮಾತ್ರೆ ಉಚಿತ. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನೆರವು ತಿಂಗಳಿಗೆ ₹500 ಇದ್ದದ್ದು 2024ರಲ್ಲಿ ₹1,000 ಆಯಿತು.

ಕಫದಲ್ಲಿ ಏನೂ ಸಿಗದ ಕೆಮ್ಮಿನ ಕಥೆ ಬೇರೆ. ಕೋಲಾರದ ಕೆಜಿಎಫ್ ಗಣಿಗಳಲ್ಲಿ 1940ರ ದಶಕದಲ್ಲಿ ಸಂಶೋಧಕರಾದ ಕ್ಯಾಪ್ಲನ್ ಮತ್ತು ಬರ್ಡನ್ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ (ಸಿಲಿಕಾ ದೂಳಿನಿಂದ ಶ್ವಾಸಕೋಶ ಗಾಯಗೊಳ್ಳುವ ರೋಗ) ಇತ್ತು. ಆಗ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯದೇ. ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಚಿನ್ನದ ಗಣಿ ಮುಚ್ಚಿತು, ನಮ್ಮಲ್ಲಿ ಕಲ್ಲು ಕ್ವಾರಿ, ಕ್ರಷರ್‌ಗಳು ಬಂದವು. ಗ್ರಾನೈಟಿನ ದೂಳಿನಲ್ಲೂ ಸಿಲಿಕಾ ಇದೆ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆಯೇ ಕಾಣಬಹುದು, ಕ್ಷಯವನ್ನು ಕರೆದುಕೊಂಡೂ ಬರಬಹುದು. ಹೀಗಾಗಿ ಕಲ್ಲು ಒಡೆಯುವವರು ಕ್ಷಯದ ಮಾತ್ರೆ ನುಂಗಿಯೂ ಏದುಸಿರು ಬಿಡುತ್ತಲೇ ಇರುವುದುಂಟು. ಗಾಯಗೊಂಡ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ. ಡ್ರಿಲ್ಲಿಂಗಿಗೆ ನೀರು ಹಾಯಿಸಿ ದೂಳು ಏಳದಂತೆ ನೋಡಿಕೊಳ್ಳುವುದೇ ನಿಜವಾದ ಮದ್ದು.

ಶಿಡ್ಲಘಟ್ಟದ ರೇಷ್ಮೆಯ ಕಡೆಗೆ ಬನ್ನಿ. ಕುದಿಯುವ ಬೇಸಿನ್ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುವವರ ಮೂಗಿಗೆ ಇಡೀ ದಿನ ಹಬೆ ಹೊಡೆಯುತ್ತದೆ. ಅದರಲ್ಲಿ ರೇಷ್ಮೆಯ ಅಂಟಾದ ಸೆರಿಸಿನ್, ಬೆಂದ ಹುಳುವಿನ ಪ್ರೋಟೀನು, ಜೊತೆಗೆ ಒಲೆಯ ಸೌದೆ ಹೊಗೆ. ಹೀಗೆ ಎಳೆ ತೆಗೆಯುವ ಫಿಲೇಚರ್‌ಗಳ ಕೆಲಸಗಾರರಿಗೆ ಕಸುಬಿನಿಂದಲೇ ಅಸ್ತಮಾ ಬರುತ್ತದೆಂದು ಬೆಂಗಳೂರಿನ ಸಂಶೋಧಕರು 1985ರಲ್ಲೇ ಬರೆದರು. ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಬಿಡಿಸುವವರಿಗೆ ರೆಕ್ಕೆಯ ಹೊಟ್ಟು ಕಂಟಕ. ಹುಳುಮನೆಯಲ್ಲಿ ಸೋಂಕು ತಡೆಯಲು ಹೊಡೆಯುವ ಫಾರ್ಮಲಿನ್, ಹುಳುಗಳ ಹಾಸಿಗೆಗೆ ಉದುರಿಸುವ ಸುಣ್ಣ ಬೆರೆತ ಪುಡಿ ಎರಡೂ ಗಂಟಲು ಕೆರೆಯುವಂಥವೇ. ಇಟಲಿಯ ವೈದ್ಯ ರಾಮಝಿನಿ 1700ರಲ್ಲೇ ರೇಷ್ಮೆ ಹಿಂಜುವವರ ಕೆಮ್ಮನ್ನು ಬಣ್ಣಿಸಿ, ‘ನಿನ್ನ ಕಸುಬೇನು’ ಎಂದು ರೋಗಿಯನ್ನು ಕೇಳಿ ಎಂದು ವೈದ್ಯರಿಗೆ ಹೇಳಿದ್ದ. ಮೂರು ಶತಮಾನ ಕಳೆದರೂ ನೂಕುನುಗ್ಗಲಿನ ಓಪಿಡಿಯಲ್ಲಿ ಆ ಪ್ರಶ್ನೆಗೆ ಪುರುಸೊತ್ತಿಲ್ಲ.

ಅಡುಗೆಮನೆಯ ಹೊಗೆಯ ಲೆಕ್ಕ ಮೈಸೂರಿನಲ್ಲಿ ಆಯಿತು. ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಯನ್ನು ವರ್ಷಗಳಿಂದ ಗುಣಿಸಿ, 60 ಮುಟ್ಟಿದರೆ ದೀರ್ಘಕಾಲದ ಕಫ-ಕೆಮ್ಮಿನ ಅಪಾಯ ಎಂದು ಅಲ್ಲಿನ ಸಂಶೋಧಕರು ಗುರುತಿಸಿದರು. ಮೂರು ಗಂಟೆ, ಇಪ್ಪತ್ತು ವರ್ಷ: ಬೀಡಿ ಮುಟ್ಟದ ಅಜ್ಜಿಗೂ ಆ ಅಪಾಯ ಬರಲು ಇಷ್ಟು ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ, ಆಮೇಲೆ 2016ರ ಉಜ್ವಲ ಗ್ಯಾಸ್ ಹೊಗೆಯನ್ನು ತಗ್ಗಿಸಿವೆ. ಸ್ನಾನದ ನೀರು ಕಾಯಿಸುವ ಹಂಡೆ ಒಲೆ ಹಲವು ಮನೆಗಳಲ್ಲಿ ಇನ್ನೂ ಆರಿಲ್ಲ.

ಅಸ್ತಮಾವನ್ನೂ, ಹೊಗೆ-ದೂಳಿನಿಂದ ಉಸಿರ್ನಾಳ ಶಾಶ್ವತವಾಗಿ ಕಿರಿದಾಗುವ ಸಿಒಪಿಡಿಯನ್ನೂ ಬೇರ್ಪಡಿಸುವ ಪರೀಕ್ಷೆ ಕಷ್ಟದ್ದಲ್ಲ. ಮೂಗಿಗೆ ಕ್ಲಿಪ್ಪು ಹಾಕಿ ಸ್ಪೈರೋಮೀಟರಿಗೆ ಜೋರಾಗಿ, ಎದೆ ಬರಿದಾಗುವವರೆಗೂ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆಯಿದ್ದರೆ ನಾಳ ಕಟ್ಟಿದೆ ಎಂದರ್ಥ. ಉಸಿರ್ನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದಾಗ ಆ ಮೊದಲ ಸೆಕೆಂಡಿನ ಗಾಳಿ ಶೇ 12ರಷ್ಟು, ಕನಿಷ್ಠ 200 ಮಿ.ಲೀ. ಏರಿದರೆ ಅಸ್ತಮಾದ ಕಡೆ ಒಲವು. ಏರಿಯೂ ಕಟ್ಟು ಬಿಡದಿದ್ದರೆ ಸಿಒಪಿಡಿ ಇರಬಹುದು. ಬಿಪಿ ಯಂತ್ರದಷ್ಟು ಸಲೀಸಾಗಿ ಈ ಯಂತ್ರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿಲ್ಲ.

ಇನ್ನು ಔಷಧಿ. ದಮ್ಮು ಹತ್ತಿದಾಗ ಡೆರಿಫಿಲಿನ್, ಡೆಕ್ಸಾ ಇಂಜೆಕ್ಷನ್ ಹಾಕಿಸಿಕೊಂಡು ಬಸ್ಸು ಹತ್ತುವುದು ರೂಢಿ. ಮೃಗಶಿರಾ ಮಳೆ ಬಂತೆಂದರೆ ಹೈದರಾಬಾದಿನ ಮೀನಿನ ಮದ್ದಿಗೆ ಹೊರಡುವವರೂ ಇದ್ದಾರೆ. ಅದು ಅಸ್ತಮಾ ಗುಣಪಡಿಸುತ್ತದೆ ಎನ್ನಲು ಪುರಾವೆಯಿಲ್ಲ. ‘ಪಂಪು ಜೋರು, ಹಿಡಿದರೆ ಬಿಡೋಕಾಗಲ್ಲ’ ಎಂದು ಇನ್‌ಹೇಲರ್ ಬಗ್ಗೆ ಭಯ ಬೇರೆ. ನಿಜ ತಿರುಗಾಮುರುಗಾ: ಪಂಪಿನಲ್ಲಿ ಹೋಗುವುದು ಮೈಕ್ರೋಗ್ರಾಂ ಲೆಕ್ಕದ ಔಷಧಿ, ಅದೂ ನೇರ ಉಸಿರ್ನಾಳಕ್ಕೆ, ಇಂಜೆಕ್ಷನ್ನಿನದು ಮಿಲಿಗ್ರಾಂ ಲೆಕ್ಕ, ಮೈಯೆಲ್ಲ ಸುತ್ತುತ್ತದೆ. ಸ್ಟಿರಾಯ್ಡ್ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಯ ಶಿಲೀಂಧ್ರ ಸೋಂಕಿನ ಕಾಟವೂ ತಗ್ಗುತ್ತದೆ. ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡು ಅಸ್ತಮಾ ನಿಭಾಯಿಸಬೇಡಿ, ಜೊತೆಗೆ ಸ್ಟಿರಾಯ್ಡ್ ಇರಲಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಬದಲಾಗಿದೆ.

ಸ್ಪೈರೋಮೀಟರ್ ಬರುವವರೆಗೆ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಪೀಕ್‌ಫ್ಲೋ ಮೀಟರ್ ಇದೆ, ಬೆಲೆಯೂ ದುಬಾರಿಯಲ್ಲ. ರೇಷ್ಮೆ ಎಳೆ ತೆಗೆಯುವ ರೀಲಿಂಗ್ ಕೆಲಸದವರು ದಿನಕ್ಕೆ ನಾಲ್ಕು ಸಲ ಊದಿ, ಎರಡು-ಮೂರು ವಾರ ಬರೆದಿಡಲಿ, ನಡುವೆ ನಾಲ್ಕೈದು ದಿನ ರಜೆಯೂ ಇರಲಿ. ರಜೆಯಲ್ಲಿ ಏರಿದ ಅಂಕಿ ಬೇಸಿನ್ ಮುಂದೆ ಕೂತೊಡನೆ ಇಳಿದರೆ, ಪಂಪು ಬರೆಯುವ ಮುಂಚೆ ಆ ಕೋಣೆಗೊಂದು ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನು ಬರೆದುಕೊಡಬೇಕು.